ಹೊರೆಯಿಲ್ಲದ ನಡಿಗೆ

ಫಕ್ಕೀರಪ್ಪ ಮತ್ತೆ ಎದ್ದು ನಡೆದ ದಿನ ಎಲ್ಲರಿಗಿಂತ ಮೊದಲು ನಕ್ಕವನು ದಾವಲಸಾಬ. ಅವನು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಾಲು ಸೋತವರಿಗೆ ಮತ್ತೆ ನಡಿಗೆ ಕಲಿಸುವ ಗದುಗಿನ ಚಲನ ಕೇಂದ್ರದ ಉದ್ದನೆಯ ಕೋಣೆಯಲ್ಲಿ, ಸೊಂಟದಿಂದ ಹಿಮ್ಮಡಿಯವರೆಗೆ ಕಪ್ಪು ಪಟ್ಟಿ ಸುತ್ತಿಸಿಕೊಂಡು ಗಾಲಿಕುರ್ಚಿಯಿಂದ ಎದ್ದ ಗೆಳೆಯ, ಎರಡು ಹೆಜ್ಜೆ ಇಡುತ್ತಲೇ ಬೆನ್ನು ಬಗ್ಗಿಸಿದ, ಮೊಣಕಾಲು ಮಡಚಿದ, ಕತ್ತು ಮುಂದೆ ಚಾಚಿದ. ಬಲಗೈ ತಾನಾಗಿಯೇ ಮೇಲೆದ್ದು ಹೆಗಲ ಹಿಂದೆ ಏನನ್ನೋ ಹಿಡಿಯಲು ಹೋಯಿತು. ಹಿಡಿಯಲು ಅಲ್ಲಿ ಏನೂ ಇರಲಿಲ್ಲ.

"ಲೇ ಫಕ್ಕೀರಾ, ಚೀಲ ಎಲ್ಲಿ ಒಗದ್ಯೋ?" ಎಂದ ದಾವಲಸಾಬ. ಇಬ್ಬರೂ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು, ಒಂದೇ ಲಾರಿಗೆ ಒಂದೇ ಹಲಗೆ ಹತ್ತಿ ಶೇಂಗಾ ಚೀಲ ತುಂಬಿದವರು. ಬೆನ್ನ ಮೇಲೆ ಚೀಲವಿರುವ ಮನುಷ್ಯ ಹೇಗೆ ನಡೆಯುತ್ತಾನೆ ಎಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊನ್ನವ್ವ ಮಾತ್ರ ನಗಲಿಲ್ಲ. ಗಂಡ ಎದ್ದು ನಿಂತದ್ದನ್ನು ಕಂಡು ಅವಳಿಗೆ ಅಳು ಬಂದಿತ್ತು. ಅದು ಕೆನ್ನೆಗೆ ಇಳಿಯುವಷ್ಟರಲ್ಲಿ ಈ ಬಾಗಿದ ಬೆನ್ನು ಕಂಡಿತು, ಅಳು ಅಲ್ಲೇ ನಿಂತಿತು. ಅವನು ಇನ್ನೂ ನಾಲ್ಕು ಹೆಜ್ಜೆ ನಡೆದು, ಬೆನ್ನ ಮೇಲೆ ತೂಗಿ ಹಿಡಿಯುವ ಭಾರ ಇಲ್ಲದ್ದರಿಂದ ಮುಗ್ಗರಿಸಿ ಮುಂದಕ್ಕೆ ಬಿದ್ದ. ಸಹಾಯಕರು ಹಿಡಿದುಕೊಂಡರು. ಖಾನಾವಳಿಯ ರೊಟ್ಟಿ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದವಳಿಗೆ, ಇನ್ನೆಷ್ಟು ಅರ್ಧ ದಿನ ಹೀಗೆ ಬರಬೇಕೋ ಎಂದು ಆಯಾಸವಾಯಿತು.

ಇದರ ಮೂಲ ಎಲ್ಲಿತ್ತು ಎಂದರೆ ಮಾರುಕಟ್ಟೆಯ ನೆಲದಲ್ಲಿತ್ತು. ಹಿಂದೆ ಒಂದು ಕಾಯ್ದೆ ಬಂತು. ಮೈಮುರಿದು ದುಡಿಯುವವರು ಇರುವಲ್ಲೆಲ್ಲ ನೆಲಕ್ಕೆ ನಡಿಗೆಹಾಸು ಹಾಸಬೇಕು ಎಂದು. ನೋಡಲು ಬರೀ ರಬ್ಬರಿನ ಚಾಪೆ. ಅದರೊಳಗಿನ ತಂತುಗಳು ಮಾತ್ರ ಪ್ರತಿ ಹೆಜ್ಜೆಯ ಭಾರ, ಕೋನ, ಅವಸರ ಎಲ್ಲವನ್ನೂ ಓದುತ್ತಿದ್ದವು. ಮಂಡಿಯ ಚಿಪ್ಪು ಸವೆಯುವ ಮುಂಚೆ, ಬೆನ್ನಿನ ಮಣಿ ಜಾರುವ ಮುಂಚೆ ನಡಿಗೆ ಎಲ್ಲೋ ಒಂದು ಕಡೆ ಬದಲಾಗುತ್ತದಂತೆ. ಆ ಬದಲಾವಣೆ ಕಂಡ ಕೂಡಲೇ ಗೋಡೆಯ ಮೇಲೆ ಕೆಂಪು ದೀಪ ಹತ್ತುತ್ತಿತ್ತು, ಆ ಹಮಾಲ ಆವತ್ತು ಕುಳಿತು ಚಹಾ ಕುಡಿಯಬೇಕಾಗುತ್ತಿತ್ತು. ಮೊದಮೊದಲು ಬೈದುಕೊಂಡರು. ಆಮೇಲೆ ಬೆನ್ನು ಹಿಡಿದುಕೊಂಡು ಮನೆಗೆ ಹೋಗುವವರು ಕಡಿಮೆಯಾದರು, ಬೈಗಳೂ ಕಡಿಮೆಯಾದವು. ಹಾಸಿನ ಬಗ್ಗೆ ಯಾರೂ ಕೆಟ್ಟ ಮಾತು ಆಡುವಂತಿರಲಿಲ್ಲ.

ಫಕ್ಕೀರಪ್ಪನ ಬೆನ್ನು ಮುರಿದದ್ದು ನಡಿಗೆಯಿಂದಲ್ಲ. ಒಟ್ಟಿದ್ದ ಚೀಲಗಳ ಥಪ್ಪಿ ಕುಸಿದು ಮೈಮೇಲೆ ಬಿತ್ತು. ಆವತ್ತು ಅವನ ದೀಪ ಹಸಿರಾಗಿತ್ತು. ನಡಿಗೆಹಾಸಿಗೆ ಕಾಲಷ್ಟೇ ಗೊತ್ತು, ತಲೆಯ ಮೇಲೆ ಏನು ಬೀಳುತ್ತದೆಂದು ಅದಕ್ಕೇನು ಗೊತ್ತು. ಕಾಲಲ್ಲಿ ಸ್ಪರ್ಶ ಉಳಿಯಿತು, ಶಕ್ತಿ ಹೋಯಿತು. ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಹೊನ್ನವ್ವ ಅವನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಪಾಯಿಖಾನೆಗೆ, ಅಲ್ಲಿಂದ ಮತ್ತೆ ಮಂಚಕ್ಕೆ ಎತ್ತಿದಳು. ಒಬ್ಬಳೇ ಮಗಳು ಕೊಪ್ಪಳದಲ್ಲಿ ಗಂಡನ ಮನೆ, ಚಿಕ್ಕ ಕೂಸು ಎಂದು ಎರಡು ಸಲ ಬಂದು ಅತ್ತು ಹೋಗಿದ್ದಳು.

ಈ ಪಟ್ಟಿ ಬಂದದ್ದು ಆಮೇಲೆ. ಕೇಂದ್ರದಲ್ಲಿ ನಡಿಗೆಗಳನ್ನು ಓದುವ ಕಟಗೇರಿ ಮೇಡಂ ಅದನ್ನು ಹೊನ್ನವ್ವನಿಗೆ ತಿಳಿಯುವ ಹಾಗೆ ಹೇಳಿದ್ದರು. ಪಟ್ಟಿಯೊಳಗಿನ ತಂತಿಗಳು ಯಾವ ಸ್ನಾಯು ಯಾವಾಗ ಬಿಗಿಯಬೇಕು, ಯಾವಾಗ ಸಡಿಲಾಗಬೇಕು ಎಂದು ಸಣ್ಣ ಚುರುಕು ಮುಟ್ಟಿಸಿ ಹೇಳಿಕೊಡುತ್ತವೆ. ಆದರೆ ಅದಕ್ಕೆ ಒಂದು ಅಚ್ಚು ಬೇಕು, ಯಾರೋ ಒಬ್ಬರು ನಿಜವಾಗಿ ನಡೆದ ನಡಿಗೆ. ಸಾವಿರಾರು ಜನರ ಸರಾಸರಿ ತೆಗೆದು ಕೊಟ್ಟರೆ ರೋಗಿ ಬೀಳುತ್ತಾನೆ, ಯಾಕೆಂದರೆ ಸರಾಸರಿಯ ಹಾಗೆ ಯಾರೂ ನಡೆಯುವುದಿಲ್ಲ. ತನ್ನದೇ ಹಳೆಯ ನಡಿಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಫಕ್ಕೀರಪ್ಪ ಪುಣ್ಯವಂತ, ಅವನ ನಡಿಗೆ ವರ್ಷಗಟ್ಟಲೆ ಹಾಸಿನ ನೆನಪಿನಲ್ಲಿ ಕೂತಿದೆ ಎಂದು ಆಗ ಮೇಡಂ ಖುಷಿಪಟ್ಟಿದ್ದರು.

ಆ ಮೊದಲ ನಡಿಗೆಯಾಗಿ ಒಂದು ವಾರಕ್ಕೆ ಅವರು ಪರದೆಯ ಮುಂದೆ ಹಣೆ ಹಿಡಿದುಕೊಂಡು ಕೂತಿದ್ದರು.

"ಇದ್ದಬದ್ದದ್ದೆಲ್ಲಾ ಹುಡುಕಿದೆ, ಹೊನ್ನವ್ವ. ನಿಮ್ಮ ಯಜಮಾನರು ಬರಿಗೈಲೆ ನಡೆದದ್ದು ಒಂದೂ ಸಿಗವಲ್ದು."

"ಹಂಗ ಹೆಂಗ್ರಿ? ಚೀಲ ಒಯ್ದು ಇಳಿಸಿ ಖಾಲಿ ಕೈಲೆ ತಿರುಗಿ ಬರಂಗಿಲ್ಲೇನ್ರಿ? ಅರ್ಧಾ ಹೊತ್ತು ಖಾಲೀನ ನಡೀತಾರ."

"ಬರ್ತಾರ. ಆದ್ರ ಹಾಸು ಹಾಕಿದ್ದು ಹೋಗೂ ದಾರಿಗಷ್ಟ. ಭಾರ ಇದ್ದಾಗ ಪೆಟ್ಟಾಗ್ತದ, ಅದಕ್ಕ ಆ ದಾರಿ ಸಾಕು ಅಂತ ಆವಾಗ ಮಾಡಿದ್ರು. ತಿರುಗಿ ಬರೂ ದಾರಿಗೆ ಹಾಸೇ ಇಲ್ಲ."

ಹೊನ್ನವ್ವನಿಗೆ ಇದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಅದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಇಡೀ ಆಯುಷ್ಯ ದುಡಿದ ಮನುಷ್ಯನದು ಇಷ್ಟು ದೊಡ್ಡ ಯಂತ್ರದ ನೆನಪಿನಲ್ಲಿ ಉಳಿದದ್ದು ಚೀಲ ಹೊತ್ತ ಅರ್ಧ ಮಾತ್ರ. ಉಳಿದರ್ಧ ಯಾರಿಗೂ ಬೇಕಾಗಿರಲಿಲ್ಲ.

"ಹೊರೀನ ತಗದು ಉಳಿದ ನಡಿಗಿ ಇಟ್ಟಕೊಳ್ಳಾಕ ಬರೂದಿಲ್ಲೇನ್ರಿ?" ಎಂದು ಕೇಳಿದಳು.

"ಲೆಕ್ಕದಾಗ ಬರ್ತದ. ನಿನ್ನೆ ಮಾಡಿ ನೋಡಿದ್ವಿ, ನಿಂತಲ್ಲೇ ಕುಸದ್ರು. ಭಾರ ಕಳದ್ರ ಉಳಿಯೋದು ಯಾರ ನಡಿಗೀನೂ ಅಲ್ಲ." ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಇನ್ನೊಂದು ಮಾತು. ಪಟ್ಟಿ ಹೇಳಿಕೊಟ್ಟದ್ದನ್ನ ನರ ಕಲೀತಾವ. ದೀಪಾವಳಿ ತನಕ ತಿದ್ದಬಹುದು. ಆಮ್ಯಾಲೆ ಗಾರಿ ಒಣಗಿ ಬಿಗದಂಗ. ಇದ ನಡಿಗಿ ಉಳಿದ್ರ ಮೊಣಕಾಲು ಭಾಳ ದಿನ ತಾಳಂಗಿಲ್ಲ. ಮತ್ತ ಮಂಚಾನ."

ಮತ್ತೆ ಮಂಚ ಎನ್ನುವ ಮಾತು ಕೇಳಿ ಹೊನ್ನವ್ವನ ಸೊಂಟ ಒಮ್ಮೆ ಛಳಕ್ ಎಂದಿತು.

ಮನೆಯಲ್ಲಿ ಫಕ್ಕೀರಪ್ಪನಿಗೆ ಈ ಚಿಂತೆಯೇ ಇರಲಿಲ್ಲ. ಮಂಚದಲ್ಲಿ ಬಿದ್ದವನಿಗೆ ಬಾಗಿದ ನಡಿಗೆಯೂ ನಡಿಗೆಯೇ. ಗೋಡೆ ಹಿಡಿದು ಬಾಗಿಲವರೆಗೆ ಹೋಗುತ್ತಿದ್ದ, ಬೀಳುತ್ತಿದ್ದ, ಹೊನ್ನವ್ವ ಎತ್ತುತ್ತಿದ್ದಳು, ಮತ್ತೆ ಹೋಗುತ್ತಿದ್ದ. ಒಂದು ಭಾನುವಾರ ಅವಳು ಖಾನಾವಳಿಯಿಂದ ಬರುವಾಗ ಓಣಿಯಲ್ಲಿ ಜನ ನೆರೆದಿದ್ದರು. ನಡುವೆ ಅವಳ ಗಂಡ ಬೆನ್ನ ಮೇಲೆ ಚೀಲ ಹೊತ್ತು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ಒಂದಿಷ್ಟೂ ಓಲಾಡದೆ ಸಣ್ಣ ಚುರುಕು ಹೆಜ್ಜೆ ಹಾಕುತ್ತ ಹಳೆಯ ಫಕ್ಕೀರಪ್ಪನೇ ಬರುತ್ತಿದ್ದ. ದಾವಲಸಾಬ ತಮಾಷೆಗೆಂದು ಅರ್ಧ ಚೀಲ ಶೇಂಗಾ ಸಿಪ್ಪೆ ಹೊರಿಸಿದ್ದನಂತೆ. ಅದು ಹೊರಿಸಿದ್ದೇ ತಡ, ಬೀಳುವುದು ನಿಂತಿತಂತೆ.

"ನೋಡಿದ್ಯಾ? ಸರಿ ಆತು!" ಫಕ್ಕೀರಪ್ಪ ಬೆವರಿನಲ್ಲಿ ನಗುತ್ತಿದ್ದ. "ನಾಳೆ ಹುರುಪಾಗಿ ಮಾರ್ಕೆಟ್ಟಿಗೆ ಹೊಂಟೆ ನಾ."

ಓಣಿಯವರು ಚಪ್ಪಾಳೆ ತಟ್ಟಿದರು. ಹೊನ್ನವ್ವ ಹೋಗಿ ಚೀಲವನ್ನು ಅವನ ಬೆನ್ನಿನಿಂದ ಎಳೆದು ಕೆಳಗೆ ಹಾಕಿದಳು. ಅವನು ಮುಗ್ಗರಿಸಿದ. ಈ ಸಲ ದಾವಲಸಾಬನೇ ಹಿಡಿದುಕೊಂಡ, ಅವನ ಮುಖದಲ್ಲಿ ನಗು ಇರಲಿಲ್ಲ.

"ಊಟಕ್ಕ ಕುಂದರೂವಾಗ ಚೀಲ ಹೊತ್ಕೊಂಡ ಕುಂದರ್ತೀ? ಮೊಮ್ಮಗನ್ನ ನೋಡಾಕ ಹೋಗೂವಾಗ ಚೀಲ ಹೊತ್ಕೊಂಡ ಹೋಗ್ತೀ?" ಎಂದಳು ಹೊನ್ನವ್ವ. ಜೋರಾಗಿ ಹೇಳಲಿಲ್ಲ. ಜೋರು ಮಾಡುವ ಕಾಲ ಅವಳ ಪಾಲಿಗೆ ಹಿಂದೆಯೇ ಮುಗಿದಿತ್ತು.

ಕೇಂದ್ರದಲ್ಲಿ ಬೇರೆಯವರ ಅಚ್ಚು ಹಾಕಿ ನೋಡಿದರು. ದಾವಲಸಾಬ ಬರಿಗೈಯಲ್ಲಿ ಹಾಸಿನ ಮೇಲೆ ನಡೆದುಕೊಟ್ಟ. ಆದರೆ ಅವನು ಆರಡಿಯ ಆಳು, ಅವನದು ಬೀಸುಗಾಲು. ಆ ಬೀಸಿಗೆ ಫಕ್ಕೀರಪ್ಪ ಗಿರಕಿ ಹೊಡೆದು ಬಿದ್ದ. ಅವನ ಚಿಕ್ಕಪ್ಪನ ಮಗ ನರಗುಂದದಿಂದ ಬಂದು ನಡೆದುಕೊಟ್ಟ. ಅದೂ ಹೊಂದಲಿಲ್ಲ. ಎತ್ತರ ಒಂದೇ ಇದ್ದರೆ ಸಾಲದು, ಹೆಜ್ಜೆಯ ತಾಳ ಒಂದೇ ಇರಬೇಕು ಎಂದರು ಮೇಡಂ. ಅವರ ದನಿಯಲ್ಲೂ ಮೊದಲಿನ ಹುರುಪು ಇರಲಿಲ್ಲ.

ದಸರೆಯ ಹತ್ತಿರ ಒಂದು ಮಧ್ಯಾಹ್ನ ಫಕ್ಕೀರಪ್ಪ ಚೀಲದ ನಡಿಗೆಯಲ್ಲೇ, ಬೀಳದಂತೆ ಬೆನ್ನಿಗೆ ಮರಳಿನ ಗಂಟು ಕಟ್ಟಿಸಿಕೊಂಡು ಕೇಂದ್ರದ ಹಾಸಿನ ಮೇಲೆ ಕೋಣೆ ದಾಟುತ್ತಿದ್ದ. ಅವನ ನೀರಿನ ಬಾಟಲಿ ಹಿಡಿದು ಹೊನ್ನವ್ವ ಹಿಂದೆ ಹಿಂದೆ ಹೋಗುತ್ತಿದ್ದಳು. ಹಾಗೆ ಹಿಂದೆ ಹೋಗುವುದು ಅವಳಿಗೆ ಯಾರೂ ಹೇಳಿ ಬಂದದ್ದಲ್ಲ. ಮದುವೆಯಾದಾಗಿನಿಂದ ಸಂತೆಗೆ, ಆಸ್ಪತ್ರೆಗೆ, ಬೀಗರ ಮನೆಗೆ ಎಲ್ಲಿಗೆ ಹೋದರೂ ಅವನು ಮುಂದೆ, ಅವಳು ಎರಡು ಮಾರು ಹಿಂದೆ. ಅವರ ಓಣಿಯಲ್ಲಿ ಗಂಡ ಹೆಂಡತಿ ಹಾಗೆಯೇ ನಡೆಯುತ್ತಾರೆ. ಜೊತೆಯಲ್ಲಿ ನಡೆದರೆ ನೋಡಿದವರು ನಗುತ್ತಾರೆ.

"ಹೊನ್ನವ್ವ, ನಿಂದರ್ರಿ! ಇಲ್ಲ, ನಿಂದರಬ್ಯಾಡ್ರಿ, ನಡೀರಿ!" ಎಂದು ಪರದೆಯ ಹಿಂದಿನಿಂದ ಮೇಡಂ ಕೂಗಿದರು. ಹೊನ್ನವ್ವ ಗಾಬರಿಯಾಗಿ ಬಾಟಲಿ ಚೆಲ್ಲಿಕೊಂಡಳು.

ಪರದೆಯ ಮೇಲೆ ಎರಡು ಗೆರೆ ಓಡುತ್ತಿದ್ದವು, ಒಂದು ಅವನದು, ಒಂದು ಅವಳದು. ಅವನ ಗೆರೆ ಎಲ್ಲಿ ಏರುತ್ತದೋ ಅಲ್ಲಿ ಅವಳದೂ ಏರುತ್ತಿತ್ತು, ಅವನದು ಎಲ್ಲಿ ಇಳಿಯುತ್ತದೋ ಅಲ್ಲಿ ಅವಳದೂ ಇಳಿಯುತ್ತಿತ್ತು. ಬಹಳ ದಿನ ಒಬ್ಬರ ಹಿಂದೆ ಒಬ್ಬರು ನಡೆದರೆ ಹಿಂದಿನವರ ಹೆಜ್ಜೆ ಮುಂದಿನವರ ತಾಳಕ್ಕೆ ಬಿದ್ದುಬಿಡುತ್ತದೆ ಎಂದು ಮೇಡಂ ವಿವರಿಸಿದರು. ಇದು ಅವರಿಗೆ ಗೊತ್ತಿದ್ದ ವಿಷಯವೇ. ಗಂಡಿನ ಅಚ್ಚನ್ನು ಗಂಡಸರಲ್ಲೇ ಹುಡುಕಿದ್ದರಿಂದ ಇಷ್ಟು ದಿನ ಹೋಯಿತು. ಆಮೇಲೆ ಅವಳೊಬ್ಬಳನ್ನೇ ಬರಿಗೈಯಲ್ಲಿ ಹಲವು ಸಲ ನಡೆಸಿದರು.

"ಎಡಗಾಲಿನ ಮ್ಯಾಲೆ ಭಾರ ಹಾಕೂದು ಸ್ವಲ್ಪ ತಪ್ಪಸ್ತೀರಿ. ಹಿಮ್ಮಡಿ ನೋವು ಅದನೇನು?"

"ಏನಿಲ್ರೀ, ಹಿಂಗ." ಖಾನಾವಳಿಯಲ್ಲಿ ಬೆಳಗಿನಿಂದ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುವವಳಿಗೆ ಅದು ಹೇಳುವಂಥ ಸಂಗತಿ ಅನ್ನಿಸಲಿಲ್ಲ. ಅಲ್ಲಿ ಒಲೆಯ ಮುಂದೆ ಯಾರೂ ಹಾಸು ಹಾಕಿರಲಿಲ್ಲ. ನಿಂತೇ ಇರುವವರಿಗೆ ನಡಿಗೆಹಾಸು ಯಾಕೆ?

"ಅದೂ ಅಚ್ಚಿನ ಜೋಡಿ ಬರ್ತದ. ಅದನ್ನ ತಗದ್ರ ಹೊಂದಾಣಿಕಿ ಕೆಡ್ತದ. ಆದ್ರ ನೆಟ್ಟಗ ನಡೀತಾರ, ಮೊಣಕಾಲು ಉಳೀತಾವ. ಯಜಮಾನರನ್ನ ಕೇಳ್ರಿ, ಅವರು ಒಪ್ಪಬೇಕು."

ಯಜಮಾನರು ಒಪ್ಪಲಿಲ್ಲ.

"ಹೆಂಗಸಿನ ನಡಿಗಿ ಹಾಕ್ಕೊಂಡು ಮಾರ್ಕೆಟ್ಟಿನಾಗ ಅಡ್ಡಾಡ್ಲಿ ಏನು?" ಎಂದ ಫಕ್ಕೀರಪ್ಪ, ಮಂಚದ ಮೇಲೆ ಕೂತು. "ಸೀರಿನೂ ಉಡಸಿಬಿಡು."

"ಚೀಲದ್ದಾದ್ರ ನಡೀತೈತಿ, ನಂದಾದ್ರ ನಡಿಯೂದಿಲ್ಲ?"

"ಚೀಲ ಹೊತ್ತ ನಡಿಗಿ ನಂದು. ಅದು ನನ್ನ ಕಸುಬು."

"ದಾವಲಣ್ಣಾ, ನೀನರ ಹೇಳು," ಎಂದಳು ಹೊನ್ನವ್ವ. ದಾವಲಸಾಬ ಬಾಗಿಲಲ್ಲಿ ಕೂತು ಬೀಡಿ ಹೊಸೆಯುತ್ತಿದ್ದ. ನೆಲ ನೋಡುತ್ತ, "ಮಂದಿ ನಗೂದಂತೂ ನಗ್ತಾರ, ತಂಗೀ" ಎಂದ. ಸುಳ್ಳು ಹೇಳುವ ಮನುಷ್ಯ ಅವನಲ್ಲ.

ಅವನು ಹೋದ ಮೇಲೆ ಹೊನ್ನವ್ವ ರೊಟ್ಟಿ, ಪಲ್ಯ ಬಡಿಸಿದಳು. ಗಂಡ ಉಂಡ, ತಾನೂ ಉಂಡಳು. ತಾಟು ತೊಳೆದಿಟ್ಟು ಬಂದು ಅವನ ಎದುರಿಗೆ ನೆಲದ ಮೇಲೆ ಕೂತಳು. ಕೂರುವಾಗ ಮಂಚದ ಕಾಲು ಹಿಡಿದುಕೊಂಡಳು.

"ನಾ ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನ್ನ ಎತ್ತಾಕ ಇನ್ನ ನನ್ನ ಕೈಲೆ ಆಗೂದಿಲ್ಲ. ಬೇಸರಕ್ಕ ಹೇಳವಲ್ಲೆ. ಮೈಯಾಗ ಇಲ್ಲ. ಈ ದೀಪಾವಳಿ ದಾಟಿ ನೀ ಮತ್ತ ಮಂಚ ಹಿಡದ್ರ, ನಾನೂ ನಿನ್ನ ಮಗ್ಗಲಾಗ ಬೀಳ್ತೀನಿ. ಆಮ್ಯಾಲೆ ಇಬ್ಬರನೂ ಎತ್ತಾಕ ಯಾರನ್ನ ಕರೀತಿ ಕರಿ."

ಇಷ್ಟು ವರ್ಷದಲ್ಲಿ ಅವಳು ಆಗುವುದಿಲ್ಲ ಎಂದದ್ದನ್ನು ಫಕ್ಕೀರಪ್ಪ ಕೇಳಿರಲಿಲ್ಲ. ಏನೋ ಹೇಳಲು ಬಾಯಿ ತೆರೆದ, ಅವಳು ಅಷ್ಟರಲ್ಲಿ ಕೂತಲ್ಲೇ ತೂಕಡಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಗೋಡೆಗೆ ಹೇಳುವವನ ಹಾಗೆ, "ಹೋಗೂನು ನಡಿ. ನಕ್ಕರ ನಗ್ಲಿ ಮಕ್ಕಳು" ಎಂದ.

ಅಚ್ಚು ಹಾಕಿ ಹದ ಮಾಡಲು ಒಂದು ವಾರ ಹಿಡಿಯಿತು. ವಾರದ ಕೊನೆಗೆ ಅವನು ಕೇಂದ್ರದ ಕೋಣೆಯಲ್ಲಿ ಕಂಬಿ ಹಿಡಿಯದೆ ಎದ್ದ. ಬೆನ್ನು ನೆಟ್ಟಗಿತ್ತು. ಮೊಣಕಾಲು ನೇರವಾಗಿದ್ದವು. ಹೆಗಲ ಹಿಂದೆ ಏಳಲು ಹೋದ ಬಲಗೈ ಅರ್ಧ ದಾರಿಯಲ್ಲಿ ಅನುಮಾನಪಟ್ಟು ಕೆಳಗಿಳಿದು ಪಕ್ಕದಲ್ಲಿ ತೂಗಾಡಿತು. ಹೆಜ್ಜೆ ಸಣ್ಣದಿತ್ತು, ಎಡಗಾಲು ನೆಲ ಮುಟ್ಟಿದ್ದೇ ತಡ ಮೇಲೇಳುತ್ತಿತ್ತು. ಆದರೆ ಕೋಣೆಯ ಆ ತುದಿ ಮುಟ್ಟಿ, ತಿರುಗಿ, ಈ ತುದಿಗೆ ಬಂದ. ಬೀಳಲಿಲ್ಲ. ದಾವಲಸಾಬ ನಗುತ್ತಾನೇನೋ ಎಂದು ಹೊನ್ನವ್ವ ಅವನ ಕಡೆ ನೋಡಿದಳು. ಅವನು ಟೊಪ್ಪಿಗೆ ತೆಗೆದು ಕಣ್ಣಿಗೆ ಒತ್ತಿಕೊಂಡಿದ್ದ.

"ಇವತ್ತು ಮನಿಗೆ ನಡಕೊಂಡ ಹೋಗ್ರಿ," ಎಂದರು ಮೇಡಂ. "ಸಾವಕಾಶ ಹೋಗ್ರಿ. ಸಾಕಾದಲ್ಲೆ ಕುಂದರ್ರಿ."

ದಾವಲಸಾಬ ಪಾಳಿಗೆ ಹೊತ್ತಾಯಿತೆಂದು ಮಾರುಕಟ್ಟೆಯ ಕಡೆ ಹೋದ. ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಅವನು ಮುಂದೆ, ಅವಳು ಹಿಂದೆ. ಹಿಂದಿನಿಂದ ಅವನನ್ನು ನೋಡುತ್ತ ಹೊನ್ನವ್ವನಿಗೆ ಏನೋ ಒಂಥರಾ ಆಯಿತು. ಬೆನ್ನು ಗಂಡನದು, ಮಾಸಿದ ಧೋತರ ಗಂಡನದು, ಹೋಗುವ ರೀತಿ ಮಾತ್ರ ಕನ್ನಡಿಯಲ್ಲಿಯೂ ತಾನು ಕಾಣದ ತನ್ನದು. ಅಂಗಡಿಯ ಮುಂದೆ ಕೂತಿದ್ದ ಇಬ್ಬರು ಏನೋ ಅಂದು ನಕ್ಕರು. ಫಕ್ಕೀರಪ್ಪ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವನ ಗಮನ ಬೇರೆ ಎಲ್ಲೋ ಇತ್ತು. ಮೊದಲು ನಿಧಾನ ಮಾಡಿದ, ಆಮೇಲೆ ನಿಂತ, ಆಮೇಲೆ ನಾಲೆಯ ಮೋರಿಕಟ್ಟೆಯ ಮೇಲೆ ಕೂತುಬಿಟ್ಟ.

ಹೊನ್ನವ್ವ ಓಡಿ ಬಂದು, "ಯಾಕ? ಪಟ್ಟಿ ಬಿಗಿ ಆತೇನು? ಮೇಡಂನ ಕರೀಲೇನು?" ಎಂದಳು.

ಅವನು ತಲೆಯಾಡಿಸಿದ. ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮಂಡಿಯ ಮೇಲೆ ಇಟ್ಟುಕೊಂಡು ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ನೋಡಿದ. ಮತ್ತೆ ಒತ್ತಿ ನೋಡಿದ.

"ಇಲ್ಲಿ ನನಗ ಏನೂ ನೋವಿಲ್ಲ," ಎಂದ. "ಆದ್ರೂ ಈ ಕಾಲು ಊರಾಕ ಅಂಜತೈತಿ. ಹೆಜ್ಜಿ ಹೆಜ್ಜಿಗೂ ಅಂಜತೈತಿ. ಎಲ್ಲಾ ಭಾರ ತಂದು ಬಲಕ್ಕ ಹಾಕತೈತಿ, ಸೊಂಟ ಕಡದ ಹೋಗತೈತಿ. ಕೇಂದ್ರದಿಂದ ಇಲ್ಲೀತನಕ ಎಷ್ಟ ದೂರ? ಇಷ್ಟಕ್ಕ ನನಗ ಸಾಕಾತು." ಕಾಲು ಕೆಳಗಿಟ್ಟು ಅವಳ ಮುಖ ನೋಡಿದ. "ನೀ ದಿನಾ ಹಿಂಗ ನಡೀತಿದ್ಯಾ?"

"ಹೂಂ."

"ಯಾವಾಗಿಂದ?"

ಹೊನ್ನವ್ವ ಯೋಚಿಸಿದಳು. ಮಗಳ ಮದುವೆಯಲ್ಲಿ ನೋವಿತ್ತು. ಅದಕ್ಕೂ ಹಿಂದೆ ಇತ್ತೋ ಇಲ್ಲವೋ ನೆನಪಾಗಲಿಲ್ಲ. "ಭಾಳ ದಿನಾತು," ಎಂದಳು.

"ಒಂದ ಸಲಾನೂ ಹೇಳಲಿಲ್ಲಲ್ಲ ನೀ. ಕುಂಟಿದ್ದು ಕಾಣಲಿಲ್ಲಲ್ಲ ನನಗ."

"ಹೆಂಗ ಕಾಣ್ತೈತಿ?" ಎಂದಳು ಹೊನ್ನವ್ವ. ಆ ಮಾತಿನಲ್ಲಿ ದೂರು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ನೀ ಯಾವಾಗಲೂ ಮುಂದ ಹೊಂಟಿರ್ತಿದ್ದಿ."

ಫಕ್ಕೀರಪ್ಪ ಕಟ್ಟೆಯ ಮೇಲಿನ ಧೂಳನ್ನು ಅಂಗೈಯಿಂದ ಸರಿಸಿ ಅವಳಿಗೆ ಜಾಗ ಮಾಡಿದ. ಹೊನ್ನವ್ವ ಕೂತಳು. ಓಣಿಯ ಮಂದಿ ಮನೆಗೆ ಮರಳುವ ಹೊತ್ತು, ಹೋಗುವವರೆಲ್ಲ ಅವರನ್ನು ನೋಡಿಕೊಂಡು ಹೋದರು. ಒಲೆ ಹೊತ್ತಿಸಬೇಕಿತ್ತು, ಹಿಟ್ಟು ನಾದಬೇಕಿತ್ತು. ಅವಳು ಏಳಲಿಲ್ಲ, ಅವನೂ ಏಳು ಎನ್ನಲಿಲ್ಲ.